ಡಾಕ್ಟರಿಗೆ ಕೈ ತೊಳ್ಕೊಳ್ರಿ ಅಂದ ದಿನ

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನನಗೆ ಆಸ್ಪತ್ರೆಯ ಮೇಲೆ ಸಿಟ್ಟಿಲ್ಲ, ತಕರಾರಿದೆ. ಸಿಟ್ಟು ಬಂದವರು ಬಾಗಿಲು ದಬ್ಬಿ ಹೊರಗೆ ಹೋಗುತ್ತಾರೆ. ತಕರಾರು ಇರುವವರು ಒಳಗೇ ಕೂತು ಉತ್ತರ ಕೇಳುತ್ತಾರೆ. ಹಾಗಾಗಿ ಇಲ್ಲಿ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಅದಿರುವ ಪಟ್ಟಣದ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಕೂಡ್ಲಿಗಿಯವರು "ಅದಕ್ಕ ನಾವು ಹಡಗಲಿಗಿ ಹೋಗ್ತೀವಿ" ಅನ್ನುತ್ತಾರೆ. ಹಡಗಲಿಯವರು "ನಮ್ಮಲ್ಲಿ ಏನು ಬಂಗಾರ ಐತಿ, ನಾವು ಹರಪನಹಳ್ಳಿಗಿ ಹೋಗ್ತೀವಿ" ಅನ್ನುತ್ತಾರೆ. ಎಲ್ಲರೂ ಬೇರೆ ಊರಿನ ಆಸ್ಪತ್ರೆಗೆ ಹೊರಟು ನಿಂತರೆ ಚರ್ಚೆ ಅಲ್ಲಿಗೇ ಮುಗಿಯಿತು.

ಆದರೆ ಚರ್ಚೆ ಮುಗಿದಿಲ್ಲ. ಕೊಟ್ಟೂರಿನಿಂದ ಹೊರಡುವ ಯಾವ ಬಸ್ಸನ್ನಾದರೂ ಹತ್ತಿ, ಎರಡು ಸೀಟು ಬಿಟ್ಟು ಯಾರೋ ಹೇಳುತ್ತಿರುತ್ತಾರೆ: "ಒಂದು ರೋಗಕ್ಕ ಅಡ್ಮಿಟ್ ಆದ್ರ ಇನ್ನೊಂದು ಪುಕ್ಕಟಿ ಕೊಡ್ತಾರ ನೋಡ್ರಿ." ಉಳಿದವರು ನಗುತ್ತಾರೆ. ನನ್ನ ಕಾಲಿಗೆ ಆ ಪುಕ್ಕಟೆಯದು ಬಂದ ಮೇಲೆ ನನಗೆ ಆ ಜೋಕು ಅರ್ಧ ಮಾತ್ರ ನಗು ತರಿಸುತ್ತದೆ. ಉಳಿದ ಅರ್ಧವನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ನಾಗವೇಣಿ. ಉಜ್ಜಿನಿಯ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಸಣ್ಣ ಊರು ನಮ್ಮದು. ಹೊಲ ಇದೆ, ಕುರಿ ಇದೆ. ಕಾನೂನು ಓದುತ್ತಿದ್ದೇನೆ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಯ ಹುಚ್ಚು. ಪರವಾಗಿ ಮಾತಾಡು ಅಂದರೆ ಪರ, ವಿರೋಧವಾಗಿ ಅಂದರೆ ವಿರೋಧ. ಅವ್ವನ ಪ್ರಕಾರ ಇದು ಗುಣವಲ್ಲ, ಚಟ. ಪಕ್ಕದ ಮನೆಯಲ್ಲೇ ಇರುವ ಅವ್ವನ ತಮ್ಮ ಸಿದ್ದಪ್ಪ ಮಾವ ನನ್ನನ್ನು "ವಕೀಲವ್ವಾ" ಅಂತಲೇ ಕೂಗುತ್ತಾನೆ. ನಾನು ಸ್ಕೂಟಿಯಿಂದ ಬಿದ್ದದ್ದೂ ಅವನ ಕುರಿ ಹಿಂಡಿಗೆ ಅಡ್ಡ ಸಿಕ್ಕಿಯೇ. ಬೇರೆಯವರ ಕುರಿಯಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಕುರಿಗೆ ಏನೂ ಆಗಿಲ್ಲ, ನೀ ಚಿಂತಿ ಮಾಡಬ್ಯಾಡ" ಎಂದು ಮಾವ ನನ್ನನ್ನು ಎತ್ತಿ ಟಾಟಾ ಏಸ್‌ನಲ್ಲಿ ಮಲಗಿಸುತ್ತಾ ಹೇಳಿದ. ಗಾಬರಿಯಲ್ಲಿ ಅವನ ಬಾಯಿಂದ ಹೀಗೇ ಬರುತ್ತದೆ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

ಮೊಣಕಾಲಿನ ಕೆಳಗೆ ಮೂಳೆ ತುಂಡಾಗಿತ್ತು. ಪ್ಲೇಟ್ ಹಾಕಿ ಸ್ಕ್ರೂ ಬಿಗಿದರು. ಡಾಕ್ಟರು ಹರಪನಹಳ್ಳಿ ಕಡೆಯವರು, ದೊಡ್ಡ ಧ್ವನಿ, ಚುರುಕು ಕೈ. ಎಕ್ಸ್‌ರೇ ಹಿಡಿದು ತೋರಿಸಿದಾಗ ಪ್ಲೇಟ್ ಗೆರೆ ಎಳೆದಷ್ಟು ನೇರವಾಗಿತ್ತು. ಅವರ ಕೆಲಸದ ಬಗ್ಗೆ ನನಗೆ ಆಗಲೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ. ಇದನ್ನು ಬರೆಯದಿದ್ದರೆ ಮುಂದಿನದ್ದು ನ್ಯಾಯವಾಗುವುದಿಲ್ಲ.

ಆಮೇಲೆ ಜನ ಬರತೊಡಗಿದರು. ನಮ್ಮ ಕಡೆ ರೋಗಿಯನ್ನು ನೋಡಲು ಯಾರೂ ಹೋಗುವುದಿಲ್ಲ, ಮಾತಾಡಿಸಲು ಹೋಗುತ್ತಾರೆ. ಮಾತಾಡಿಸುವುದು ಬಾಯಿಂದಲ್ಲ, ಕೈಯಿಂದ. ಮಂಚದ ಮೇಲೆ ಕೂರಬೇಕು. ಹಣೆ ಮುಟ್ಟಬೇಕು, ಕೆನ್ನೆ ಸವರಬೇಕು, ಪೆಟ್ಟಾದ ಜಾಗದ ಹತ್ತಿರ ಕೈಯಿಟ್ಟು "ಅಯ್ಯೋ ನನ ಕೂಸ" ಅನ್ನಬೇಕು. ದೂರ ನಿಂತು "ಹುಷಾರಾಗು" ಅಂದು ಹೋದವರನ್ನು ಊರಿನಲ್ಲಿ ವರ್ಷಗಟ್ಟಲೆ ನೆನಪಿಡುತ್ತಾರೆ, ಒಳ್ಳೆಯ ಮಾತಿಗಲ್ಲ. ಹೀಗಾಗಿ ಒಂದು ಕ್ರೂಸರ್ ಗಾಡಿ ತುಂಬ ಬಂದವರು ಒಬ್ಬರಾದ ಮೇಲೆ ಒಬ್ಬರು ನನ್ನನ್ನು ಮುಟ್ಟಿದರು. ಮಂಡಕ್ಕಿ, ಮಿರ್ಚಿ ಬಿಚ್ಚಿ ನನ್ನ ಮಂಚದ ಮೇಲೇ ತಿಂದರು, ನನಗೂ ತಿನ್ನಿಸಿದರು. ಸುಳ್ಳು ಯಾಕೆ ಹೇಳಲಿ, ಅಷ್ಟು ಪ್ರೀತಿಯನ್ನು ನಾನು ಚಾರ್ಜು ಮಾಡಿಟ್ಟುಕೊಂಡ ಮೊಬೈಲಿನ ಹಾಗೆ ಇವತ್ತಿಗೂ ಖರ್ಚು ಮಾಡುತ್ತಿದ್ದೇನೆ.

ಮಾವ ಮನೆಯಿಂದ ಕರಿಕಂಬಳಿ ತಂದು ಆಸ್ಪತ್ರೆಯ ಹಾಸಿಗೆಯ ಮೇಲೆ ಹಾಸಿದ.

"ಇಲ್ಲಿ ಚಾದರದ ಮ್ಯಾಲ ಯಾರ್ಯಾರು ಮಲಗಿದ್ರೋ ಏನೋ. ಕಂಬಳಿಗೆ ಮೈಲಿಗಿ ಇಲ್ಲ" ಅಂದ.

"ಮಾವ, ಇದನ್ನ ಕಡೀಗೆ ತೊಳದದ್ದು ಯಾವಾಗ?"

"ಮೈಲಿಗಿ ಇಲ್ಲ ಅಂದ ಮ್ಯಾಲ ತೊಳಿಯೋದು ಯಾಕಲೇ?"

ಚರ್ಚಾಸ್ಪರ್ಧೆಯಲ್ಲಿ ಇಂಥ ವಾದಕ್ಕೆ ಅಂಕ ಕೊಡಲೇಬೇಕು, ಒಳಗಿಂದ ಅದು ಅಷ್ಟು ಗಟ್ಟಿ. ದೇವರ ಗದ್ದುಗೆಗೂ ಹಾಸುವ ವಸ್ತು ಅದು, ಮದುವೆಗೂ ಸಾವಿಗೂ ಅದೇ. ಕುರಿ ಕಾಯುವ ನಮ್ಮಂಥ ಮನೆಗಳಲ್ಲಿ ಅದನ್ನು ಯಾರು ಮುಟ್ಟಿದರೂ ಕೆಡುವುದಿಲ್ಲ. ಆದರೆ ದೊಡ್ಡಿಯ ಧೂಳು, ಉಣ್ಣೆಯ ಎಣ್ಣೆ, ಮೂರು ಮಳೆಗಾಲದ ಹೊಲ, ಎಲ್ಲವೂ ಅದರಲ್ಲೇ ಕೂತಿರುತ್ತವೆ. ನಾನು ಒಂದು ದಿನ ಅದರ ಮೇಲೆ ಮಲಗಿದೆ. ಆಮೇಲೆ ಸಿಸ್ಟರ್ ಬೈದು ಮಡಿಸಿಟ್ಟರು.

ಮನೆಗೆ ಹೋದೆ. ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೆ ಹೊಲಿಗೆಯ ಒಂದು ಮೂಲೆ ಕೆಂಪಾಯಿತು. ಮುಟ್ಟಿದರೆ ಒಲೆಯ ಪಕ್ಕದ ಗೋಡೆ ಮುಟ್ಟಿದ ಹಾಗೆ ಬಿಸಿ. ಮೊದಲು ನೀರು, ಆಮೇಲೆ ಕೀವು, ಜೊತೆಗೆ ಹಲ್ಲು ಕಟಕಟ ಅನ್ನುವ ಚಳಿಜ್ವರ. ಅವ್ವ ಬ್ಯಾಂಡೇಜ್ ನೋಡಿದಳು. ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಅವ್ವ ಬೈಯದೇ ಇದ್ದಾಗ ನನಗೆ ನಿಜವಾದ ಹೆದರಿಕೆ ಶುರುವಾಯಿತು.

ಮತ್ತೆ ಅದೇ ಆಸ್ಪತ್ರೆ. ಹೊರಗಿನ ಬೆಂಚು ಗಿಡ್ಡವಾಗಿತ್ತು, ನನ್ನ ಕಾಲು ಚಾಚಲು ಜಾಗವಿರಲಿಲ್ಲ. ಎದುರಿನ ಬೆಂಚಿನಲ್ಲಿದ್ದ ಅಜ್ಜಿಯೊಬ್ಬಳು, ಇಟ್ಟಿಗಿ ಊರಿನ ಕಡೆಯವಳಂತೆ, ಏನೂ ಕೇಳದೆ ನನ್ನ ಹಿಮ್ಮಡಿಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅವಳ ಸರದಿ ಬರುವವರೆಗೂ ಅಲ್ಲಾಡಲಿಲ್ಲ. ಅವಳಿಗೇ ಮೊಣಕಾಲು ನೋವಿತ್ತು. ಸರದಿ ಬಂದಾಗ "ನಿನ್ನ ಕಾಲು ನೀ ತಗಾಳವ್ವ, ನನ್ನ ಕಾಲು ತೋರಿಸ್ಕೊಂಡು ಬರ್ತೀನಿ" ಅಂದಳು. ಜ್ವರದಲ್ಲೂ ನಕ್ಕೆ.

ಡಾಕ್ಟರು ಬ್ಯಾಂಡೇಜ್ ಬಿಚ್ಚಿ ನೋಡಿದರು. ಮುಖ ಬಿಗಿಯಾಯಿತು.

"ಸೋಂಕು ಆಗೈತೆ. ಗಾಯ ತೆರೆದು ಒಳಗೆ ತೊಳೀಬೇಕು. ಔಷಧಿ ಹಿಡಿದ್ರೆ ಪ್ಲೇಟ್ ಉಳಿಯುತ್ತೆ. ಹಿಡೀಲಿಲ್ಲ ಅಂದ್ರೆ ಪ್ಲೇಟ್ ತೆಗೀಬೇಕು."

"ಮೂಳಿ ಕೂಡಿಲ್ಲ ಸರ್. ಪ್ಲೇಟ್ ತೆಗದ್ರ ಮುಂದ ಏನು?"

"ಆಮೇಲೆ ನೋಡಣ."

ನಾನು ಕೇಳಿದ ವಾಕ್ಯಗಳಲ್ಲೇ ಅತ್ಯಂತ ಭಯಾನಕವಾದದ್ದು ಇದೇ. ಪಕ್ಕದ ಮಂಚಗಳಲ್ಲಿ ಕೇಳಿದ್ದ ಕತೆಗಳಿಂದ ಅದರ ಅರ್ಥವನ್ನು ನಾನೇ ತುಂಬಿಕೊಂಡೆ: ಮತ್ತೊಂದು ಆಪರೇಷನ್, ಮತ್ತೂ ಒಂದು, ಗಿಡ್ಡವಾದ ಕಾಲು, ಅಥವಾ ಕಾಲೇ ಇಲ್ಲ. ಅಂದಿನಿಂದ ನನ್ನ ಇಡೀ ಜಗತ್ತು ಒಂದೇ ಪ್ರಶ್ನೆಯಾಯಿತು. ಪ್ಲೇಟ್ ಉಳಿಯುತ್ತದೋ ಇಲ್ಲವೋ.

ಕಾಲನ್ನು ಮತ್ತೆ ತೆರೆದು ತೊಳೆದರು. ದಿನಾ ಡ್ರಿಪ್ ಏರಿಸಿದರು. ಇನ್ನೊಂದು ಕಡೆ ತಪ್ಪು ಯಾರದು ಎಂಬ ಪಂದ್ಯ ಶುರುವಾಯಿತು. ಸಿಸ್ಟರ್ ಹೇಳಿದರು: "ಊರಿಗೆ ಊರೇ ಬಂದು ಮುಟ್ಟಿ ಹೋದ್ರೆ ಇನ್ನೇನಾಗುತ್ತೆ?" ಮಾವ ಹೇಳಿದ: "ಊರಾಗ ಇಷ್ಟು ವರ್ಷ ಮುಟ್ಟ್ಯಾರ, ಏನೂ ಆಗಿಲ್ಲ. ಇವರ ಕತ್ರಿ ಸರಿ ಇಲ್ಲ." ಸ್ವಲ್ಪ ಹೊತ್ತು ಬಿಟ್ಟು "ಅಮಾಸಿ ದಿನ ಆಪರೇಷನ್ ಬ್ಯಾಡ ಅಂದಿದ್ದೆ" ಅಂತಲೂ ಸೇರಿಸಿದ. ಫೋನಿನಲ್ಲಿ ಗೆಳತಿಯರು ಆಸ್ಪತ್ರೆಗಳ ಬಗ್ಗೆ ಎದೆ ಒಡೆಯುವಂಥ ವೀಡಿಯೋಗಳನ್ನು ಕಳಿಸಿದರು. ಅದರಲ್ಲಿ ಅರ್ಧ ಯಾವ ದೇಶದ್ದೋ ಯಾರಿಗೂ ಗೊತ್ತಿಲ್ಲ.

ಮಲಗಿದ್ದಲ್ಲೇ ನಾನು ಎರಡೂ ಕಡೆಯಿಂದ ವಾದಿಸಿ ನೋಡಿದೆ. ಕ್ರಿಮಿ ರಸ್ತೆಯಿಂದ ಬಂದಿರಬಹುದು. ಆಪರೇಷನ್ ಕೋಣೆಯಿಂದ ಬಂದಿರಬಹುದು. ಕಂಬಳಿಯಿಂದ, ಮಿರ್ಚಿ ಎಣ್ಣೆಯ ಬೆರಳಿನಿಂದ, ಡಾಕ್ಟರ ಕೈಯಿಂದ ಬಂದಿರಬಹುದು. ಪಕ್ಕದ ಮಂಚದಲ್ಲಿದ್ದ ಹೊಳಲು ಊರಿನ ಯಜಮಾನರಿಗೆ ಸಕ್ಕರೆ ಕಾಯಿಲೆ, ಪಾದದಲ್ಲಿ ವಾಸಿಯಾಗದ ಹುಣ್ಣು. ಡಾಕ್ಟರು ಮೊದಲು ಅವರ ಪಾದ ಹಿಡಿದು ನೋಡುತ್ತಿದ್ದರು, ಅಲ್ಲಿಂದ ಎರಡು ಹೆಜ್ಜೆಗೆ ನನ್ನ ಕಾಲು. ನಡುವೆ ಅವರ ಕೈ ಏನನ್ನಾದರೂ ಮುಟ್ಟುತ್ತಿತ್ತು ಅಂದರೆ ಅವರ ಮೊಬೈಲನ್ನು. ಅದರಿಂದಲೇ ಬಂತು ಎಂದು ನಾನು ಹೇಳಲಾರೆ. ಸಾಕ್ಷಿಯಿಲ್ಲದೆ ಆರೋಪಿಯ ಹೆಸರು ಹೇಳಬಾರದು ಎಂದು ಕಲಿತವಳು ನಾನು. ಆದರೆ ಬಂದದ್ದು ಎಲ್ಲಿಂದ ಎನ್ನಲು ಸಾಕ್ಷಿ ಬೇಕು, ಇನ್ನಷ್ಟು ಬರದ ಹಾಗೆ ತಡೆಯಲು ಯಾವ ಸಾಕ್ಷಿಯೂ ಬೇಡ. ಈ ತರ್ಕ ಸಿಕ್ಕ ಮೇಲೆ ಭಯ ಅರ್ಧ ಇಳಿಯಿತು. ಮಲಗಿದ ಮನುಷ್ಯರಿಗೆ ಮಾಡಲು ಒಂದು ಕೆಲಸ ಬೇಕು.

ನನ್ನ ಕೆಲಸ ಇದು: ನನ್ನ ಮಂಚದ ಹತ್ತಿರ ಬರುವವರು ಸೋಪು ಹಚ್ಚಿ ಕೈ ತೊಳೆದು ಬರಬೇಕು. ಮಂಚದ ಮೇಲೆ ಕೂರಬಾರದು, ಗಾಯದ ಕಾಲು ಮುಟ್ಟಬಾರದು. ಕೊರೊನಾ ಕಾಲದಲ್ಲಿ ಇದನ್ನು ಇಡೀ ಊರು ಕಲಿತಿತ್ತು. ಕೊರೊನಾ ಹೋಯಿತು, ಕಲಿತದ್ದೂ ಅದರ ಹಿಂದೆಯೇ ಹೋಯಿತು.

ಮಾವನೇ ಮೊದಲ ಬಲಿ.

"ನಿನ್ನ ಕುಂಡಿ ತೊಳೆದ ಕೈಲೇ ಇವು" ಎಂದು ಎರಡೂ ಕೈ ಚಾಚಿ ತೋರಿಸಿದ.

"ಅದಕ್ಕ ಹೇಳಾಕತ್ತೀನಿ ಮಾವ, ತೊಳ್ಕೊಂಡು ಬಾ."

ವಾರ್ಡಿನಲ್ಲಿ ಎಲ್ಲರೂ ನಕ್ಕರು. ಮಾವ ಗೊಣಗುತ್ತಾ ಹೋಗಿ ಹೊರಗಿನ ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದುಕೊಂಡು, ಪೂಜೆಗೆ ಹೊರಟವನಂತೆ ಕೈ ಎತ್ತಿ ಹಿಡಿದು ಬಂದ. ಆಮೇಲೆ ಅವನೇ ಬಾಗಿಲ ಕಾವಲುಗಾರ. "ತೊಳ್ಕೊಳ್ರಿ, ತೊಳ್ಕೊಳ್ರಿ, ಇಲ್ಲಾಂದ್ರ ವಕೀಲವ್ವ ಕೇಸ್ ಹಾಕ್ತಾಳ!" ಬಂದವರಲ್ಲಿ ಕೆಲವರು ಮುನಿದರು. ಒಬ್ಬಳು ಚಿಕ್ಕಮ್ಮ "ಓದಿದ್ದು ಹೆಚ್ಚಾತು" ಅಂದು ಬಾಳೆಹಣ್ಣು ಇಟ್ಟು ಹೋದಳು. ಬಾಳೆಹಣ್ಣಿಗೆ ಸಿಪ್ಪೆ ಇರುತ್ತದೆ, ಹಾಗಾಗಿ ಸಂತೋಷವಾಗಿ ತಿಂದೆ.

ಹೀಗೆ ನಾನು ಗೆಲ್ಲುತ್ತಿದ್ದೇನೆ ಅಂದುಕೊಂಡಿದ್ದಾಗ ದುರುಗಕ್ಕ ಬಂದಳು.

ದುರುಗಕ್ಕ ಅವ್ವನ ಜೊತೆ ಕಳೆ ಕೀಳಲು, ಶೇಂಗಾ ಬಿಡಿಸಲು ಬರುವವಳು. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ದಿನವಿಡೀ ಮಾತಾಡುತ್ತಾರೆ. ನಾನು ಮಗುವಾಗಿದ್ದಾಗ ಹೊಲದ ಬದುವಿನಲ್ಲಿ ನನ್ನ ಜೋಳಿಗೆ ತೊಟ್ಟಿಲು ತೂಗಿದವಳು ಅವಳೇ. ಅವಳ ಕೇರಿ ಊರಿನ ಆಚೆಗಿದೆ. ನಮ್ಮ ಮನೆಯಲ್ಲಿ ಅವಳಿಗೆ ಚಹಾ ಕೊಡುವ ಲೋಟ ಹಿತ್ತಲಿನ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಮಾವನ ಮನೆಯಲ್ಲಿ ಲೋಟವೂ ಇರಲಿಲ್ಲ. ಬೊಗಸೆಯೊಡ್ಡಿದರೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ನಾನು ಕಾಲೇಜಿನಿಂದ ಬಂದಾಗಲೆಲ್ಲ ಇದರ ಮೇಲೆ ಜಗಳ ತೆಗೆದಿದ್ದೇನೆ. ಜಗಳದ ನಂತರವೂ ಲೋಟ ಗೂಡಿನಲ್ಲೇ ಇತ್ತು.

ಅವಳು ವಾರ್ಡಿನ ಬಾಗಿಲಲ್ಲಿ ನಿಂತಳು. ಆಸ್ಪತ್ರೆಯಲ್ಲೂ ಬಾಗಿಲಲ್ಲೇ. ಮಾವ ಅವಳಿಗೆ ಮಾತ್ರ "ತೊಳ್ಕೊಳ್ರಿ" ಅನ್ನದೆ ಸುಮ್ಮನೆ ಪಕ್ಕಕ್ಕೆ ಸರಿದ. ಅವ್ವ "ಬಾ ದುರುಗಿ, ಒಳಗ ಬಾ" ಅಂದಳು. ಅವಳು ಬಂದು, ಸೆರಗಿನಲ್ಲಿ ಕಟ್ಟಿ ತಂದ ಹುರಿದ ಶೇಂಗಾ ಬಿಚ್ಚಿಟ್ಟು, "ಏನಾತವ್ವ ನನ ಕೂಸಿಗೆ" ಎನ್ನುತ್ತಾ ನನ್ನ ಕಾಲಿನ ಕಡೆಗೆ ಎರಡೂ ಕೈ ಚಾಚಿದಳು.

ಎಲ್ಲರಿಗೂ ಹೇಳಿದ ಧ್ವನಿಯಲ್ಲೇ ಅವಳಿಗೂ ಹೇಳಿದೆ: "ದುರುಗಕ್ಕ, ಕೈ ತೊಳ್ಕೊಂಡು ಬಾ. ಆಮ್ಯಾಲ ಮುಟ್ಟುವಂತಿ."

ಅವಳ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಹೋಗಿ ಸೆರಗಿನೊಳಗೆ ಸೇರಿಕೊಂಡಿತು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಬೇಜಾರೂ ಇರಲಿಲ್ಲ. ಇದು ಬರುತ್ತದೆಂದು ಗೊತ್ತಿದ್ದವರ ಮುಖ ಅದು.

"ಗೊತ್ತಾತು ಬಿಡವ್ವ" ಅಂದಳು. "ನಾ ಇಲ್ಲೇ ನಿಂತು ಮಾತಾಡಸ್ತೀನಿ."

"ಹಂಗಲ್ಲ ದುರುಗಕ್ಕ! ಎಲ್ಲಾರಿಗೂ ಹೇಳ್ತೀನಿ. ಮಾವಗೂ ಹೇಳೀನಿ. ಕೇಳು ಬೇಕಾದ್ರ."

"ನಿಮ್ಮ ಮಾವ ನಿಮ್ಮವ. ಇವತ್ತು ತೊಳ್ಕೊ ಅಂದ್ರ ನಾಳಿ ಅದ ಹಾಸಿಗಿ ಮ್ಯಾಲ ಕುಂದ್ರತಾನ. ನನಗ ಹೇಳೋದು ಬ್ಯಾರೆ ಐತಿ ವೇಣಿ."

"ಇದು ಕ್ರಿಮಿ ದುರುಗಕ್ಕ. ಕ್ರಿಮಿಗೆ ಕೇರಿ ಗೊತ್ತಿಲ್ಲ."

"ಕ್ರಿಮಿಗೆ ಗೊತ್ತಿಲ್ಲ. ಮಂದಿಗೆ ಗೊತ್ತೈತಲ್ಲ." ಆಮೇಲೆ ವಾರ್ಡಿನ ಇನ್ನೊಂದು ತುದಿಯ ಕಡೆ ಗಲ್ಲ ತಿರುಗಿಸಿದಳು. ಅಲ್ಲಿ ಡಾಕ್ಟರ ರೌಂಡ್ಸ್ ಶುರುವಾಗಿತ್ತು. "ಎಲ್ಲಾರಿಗೂ ಅಂದ್ಯಲ್ಲ. ಅವರಿಗೂ ಹೇಳ್ತೀಯೇನು?"

ಚರ್ಚೆಯ ವೇದಿಕೆಯ ಮೇಲೆ ಇಂಥ ಪ್ರಶ್ನೆ ಎದುರಾದದ್ದು ನನಗೆ ಹೊಸದಲ್ಲ. ಅಂಥ ಹೊತ್ತಿನಲ್ಲಿ ವಿಷಯ ಬದಲಿಸುವ ಉಪಾಯಗಳೂ ಗೊತ್ತು. ಅವು ಯಾವುವೂ ಇಲ್ಲಿ ನಡೆಯುತ್ತಿರಲಿಲ್ಲ. ನಾನು ಡಾಕ್ಟರಿಗೆ ಹೇಳಿರಲಿಲ್ಲ. ಕೆಳಗಿನವರಿಗೆ ಹೇಳಿ ಮೇಲಿನವರಿಗೆ ಹೇಳದ ನಿಯಮ ನಿಯಮವಲ್ಲ, ಅದು ಅವಳಿಗೆ ಚೆನ್ನಾಗಿ ಪರಿಚಯವಿರುವ ಇನ್ನೊಂದೇನೋ.

"ಹೇಳ್ತೀನಿ" ಅಂದೆ. "ಇಲ್ಲೇ ನಿಂತು ನೋಡು."

ಅವ್ವ ಬಗ್ಗಿ ನನ್ನ ಕಿವಿಯ ಹತ್ತಿರ ಬಂದಳು. "ಬ್ಯಾಡ. ಕೈ ಮುಗೀತೀನಿ ಬ್ಯಾಡ. ಅವ್ರಿಗೆ ಸಿಟ್ಟು ಬಂದ್ರ ನಿನ್ನ ಕಾಲು ಯಾರು ನೋಡ್ತಾರ? ಪ್ಲೇಟ್ ಇರಬೇಕೋ ತಗೀಬೇಕೋ ಅನ್ನೋದು ಅವರ ಕೈಯಾಗ ಐತಿ."

"ಅವರ ಕೈಯಾಗ ಐತಿ ಅಂತನ ಕೇಳ್ತೀನಿ ಅವ್ವ."

ಹೇಳಿದ್ದು ಧೈರ್ಯವಾಗಿ. ಆದರೆ ಅವ್ವನ ಮಾತಿನಲ್ಲಿ ಮೂರ್ಖತನ ಇರಲಿಲ್ಲ. ನಮ್ಮಂಥವರು ಡಾಕ್ಟರ ಮುಂದೆ ಒಳ್ಳೆಯವರಾಗಿ ಇರುವುದು ಭಕ್ತಿಯಿಂದಲ್ಲ, ಕಾಲು ಅವರ ಕೈಯಲ್ಲಿದೆ ಎಂಬ ಲೆಕ್ಕದಿಂದ. ಆ ಲೆಕ್ಕ ತಪ್ಪೆಂದು ನಾನು ಹೇಗೆ ಸಾಧಿಸಲಿ?

ಡಾಕ್ಟರು ಹೊಳಲಿನ ಯಜಮಾನರ ಪಾದ ಹಿಡಿದು ತಿರುಗಿಸಿ ನೋಡಿದರು, ಬೈದರು, ಔಷಧಿ ಹೇಳಿದರು. ಮೊಬೈಲಿಗೆ ಕರೆ ಬಂತು, ಅದೇ ಕೈಯಲ್ಲಿ ತೆಗೆದು ಮಾತಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಏನವ್ವಾ, ಹೆಂಗೈತೆ ಕಾಲು?" ಎಂದು ಕೈ ಮುಂದೆ ತಂದರು.

"ಸರ್, ಕೈ ತೊಳ್ಕೊಳ್ರಿ."

"ಏನು?"

"ನೀವು ಆ ಯಜಮಾನರ ಗಾಯ ಮುಟ್ಟೀರಿ. ನನ್ನ ಕಾಲು ಮುಟ್ಟೋ ಮುಂಚೆ ಕೈ ತೊಳ್ಕೊಳ್ರಿ ಸರ್. ದಯವಿಟ್ಟು."

ಸಿಸ್ಟರ್ ಟ್ರೇ ಹಿಡಿದವರು ಹಾಗೇ ನಿಂತರು. ಅವ್ವ ಕಣ್ಣು ಮುಚ್ಚಿಕೊಂಡಳು. ಡಾಕ್ಟರ ಕುತ್ತಿಗೆ ಕೆಂಪೇರಿದ್ದು ನನಗೆ ಕಾಣಿಸಿತು.

"ನೀನು ಹುಟ್ಟೋಕಿಂತ ಮೊದ್ಲಿಂದ ಕೈ ತೊಳೀತಿದೀನಿ ಕಣವ್ವಾ. ಡ್ರೆಸ್ಸಿಂಗ್ ಮಾಡುವಾಗ ಗ್ಲೌಸ್ ಹಾಕ್ತೀವಿ, ನೋಡಿಲ್ಲೇನು?"

"ನೋಡೀನಿ ಸರ್. ಒತ್ತಿ ನೋಡುವಾಗ ಹಾಕಲ್ಲ, ಅದನ್ನೂ ನೋಡೀನಿ. ಇಷ್ಟು ವರ್ಷದಿಂದ ತೊಳೀತಿದೀರಿ ಅಂದ್ರ ಈಗ ಇನ್ನೊಮ್ಮೆ ತೊಳಿಯೋದು ಕಷ್ಟ ಆಗಲ್ಲ."

ಹೊಳಲಿನ ಯಜಮಾನರು ಕೆಮ್ಮಿದರು. ಅದು ಕೆಮ್ಮಲ್ಲ, ನಗು.

ಡಾಕ್ಟರು ನನ್ನನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು. ಮೊಬೈಲನ್ನು ಜೇಬಿಗೆ ಹಾಕಿದರು. "ಸಿಸ್ಟರ್, ಬಾಟ್ಲಿ ಕೊಡಿ" ಅಂದರು. ಟ್ರೇಯಲ್ಲಿದ್ದ ಸ್ಯಾನಿಟೈಜರ್ ಬಾಟಲಿಯನ್ನು ಸಿಸ್ಟರ್ ಒತ್ತಿದರು. ಪುಸ್ ಅಂತ ಗಾಳಿ ಬಂತು. ಇನ್ನೊಮ್ಮೆ ಒತ್ತಿದರು, ಇನ್ನೊಮ್ಮೆ ಗಾಳಿ. ಮೂಲೆಯಲ್ಲಿ ಕೈ ತೊಳೆಯುವ ಬೇಸಿನ್ ಇತ್ತು. ಅದರ ಮೇಲೆ ಸಲೈನ್ ಡಬ್ಬಗಳನ್ನು ಗೋಡೆಯಂತೆ ಪೇರಿಸಿಟ್ಟಿದ್ದರು. ಆಯಾ ಓಡಿ ಬಂದು ಡಬ್ಬ ಇಳಿಸಿದಳು. ನಲ್ಲಿ ತಿರುಗಿಸಿದರೆ ನೀರಿಲ್ಲ. ಕರೆಂಟು ಹೋಗಿತ್ತು, ಮೋಟಾರು ನಿಂತಿತ್ತು, ಹೊರಗಿನ ನಲ್ಲಿಯೂ ಒಣಗಿತ್ತು.

ವಾದದಲ್ಲಿ ಗೆದ್ದೂ ನೀರಿಲ್ಲದೆ ಸೋಲುವ ಸ್ಥಿತಿ. ಡಾಕ್ಟರು ಕೈ ಮುಂದೆ ಹಿಡಿದು ವಾರ್ಡಿನ ನಡುವೆ ನಿಂತಿದ್ದರು. ಅಷ್ಟು ದೊಡ್ಡ ಧ್ವನಿಯ ಮನುಷ್ಯ ಏನು ಮಾಡಬೇಕೆಂದು ತಿಳಿಯದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಗ ದುರುಗಕ್ಕ ಮುಂದೆ ಬಂದಳು. ಅವ್ವ ಮನೆಯಿಂದ ತಂದಿದ್ದ ನೀರಿನ ಕ್ಯಾನಿನಿಂದ ಚೊಂಬು ತುಂಬಿಕೊಂಡಳು. ಅದು ನಮ್ಮ ಮನೆಯ ಚೊಂಬು. ಮಾವ "ತಡಿ, ನಾ ಹಾಕ್ತೀನಿ" ಎಂದು ಕೈ ಚಾಚಿದ. ಅವಳು ಕೊಡಲಿಲ್ಲ. ಕಿಟಕಿಯ ಕೆಳಗಿದ್ದ ಪ್ಲಾಸ್ಟಿಕ್ ಟಬ್ಬನ್ನು ಕಾಲಿನಿಂದ ಸರಿಸಿ, "ಹಿಡೀರಿ ಸಾಹೇಬ್ರ" ಅಂದಳು. ಅವ್ವ ಸೋಪು ಕೊಟ್ಟಳು. ಡಾಕ್ಟರು ಕೈ ಹಿಡಿದರು. ಅವರು ಸರಿಯಾಗಿ ತೊಳೆದರು, ಇದನ್ನೂ ದಾಖಲಿಸಬೇಕು. ಬೆರಳ ಸಂದು, ಉಗುರು, ಮುಂಗೈ, ಹೇಗೆ ತೊಳೆಯಬೇಕೆಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ತೊಳೆಯದೆ ಇದ್ದದ್ದು ತಿಳಿಯದೆ ಅಲ್ಲ. ಒಂದು ಬಾಟಲಿ ಖಾಲಿಯಾಗಿ, ಒಂದು ಬೇಸಿನ್ ಮುಚ್ಚಿಹೋಗಿ, ಯಾರೂ ಕೇಳದೆ ಹೋದದ್ದರಿಂದ.

ಡಾಕ್ಟರು ಮುಗಿಸಿದ ಮೇಲೆ ದುರುಗಕ್ಕ ಚೊಂಬನ್ನು ಮಾವನ ಕಡೆ ಚಾಚಿದಳು.

"ಹಿಡಿ ಸಿದ್ದಣ್ಣ. ಈಗ ನನ್ನ ಕೈ ಮ್ಯಾಲ ಹಾಕು."

ಮಾವ ಚೊಂಬನ್ನು ನೋಡಿದ. ವಾರ್ಡೆಲ್ಲ ಅವನನ್ನು ನೋಡುತ್ತಿತ್ತು, ಆದರೆ ಯಾಕೆ ತಡವಾಗುತ್ತಿದೆ ಎಂದು ಗೊತ್ತಿದ್ದದ್ದು ನಮ್ಮ ನಾಲ್ವರಿಗೆ ಮಾತ್ರ. ನನ್ನ ಎಲ್ಲ ಭಾಷಣಗಳನ್ನೂ ಅವನು ಕೇಳಿದ್ದಾಗಿತ್ತು.

ಮಾವ ಚೊಂಬು ತೆಗೆದುಕೊಂಡ. ಅಭ್ಯಾಸಬಲದಿಂದ ಮೇಲಕ್ಕೆತ್ತಿ ಸುರಿಯತೊಡಗಿದ.

"ಕೆಳಗ ಹಿಡಿಯೋ" ಅಂದಳು ದುರುಗಕ್ಕ. "ಸಿಡೀತೈತಿ. ಕೂಸಿನ ಗಾಯಕ್ಕ ಸಿಡದ್ರ ಏನು ಮಾಡ್ತಿ?"

ಮಾವ ಇಳಿಸಿದ. ಇನ್ನೂ ಇಳಿಸಿದ. ಚೊಂಬಿನ ಅಂಚು ಅವಳ ಬೆರಳಿಗೆ ತಾಗಿತು. ಅವನು ಹಿಂದೆ ಎಳೆದುಕೊಳ್ಳಲಿಲ್ಲ.

ಆಮೇಲೆ ಡಾಕ್ಟರು ನನ್ನ ಕಾಲು ಒತ್ತಿ ನೋಡಿದರು. ದುರುಗಕ್ಕ ಗಾಯದ ಕಾಲು ಬಿಟ್ಟು ಇನ್ನೊಂದು ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡಳು. ತಣ್ಣನೆಯ ಒದ್ದೆ ಕೈ. ನನಗೆ ಅಳು ಬಂತು. ನೋವಿಗೆ ಎಂದು ಎಲ್ಲರೂ ತಿಳಿದರು, ನಾನು ತಿದ್ದಲಿಲ್ಲ.

ಅವ್ವ ಹೆದರಿದ ಹಾಗೆ ಡಾಕ್ಟರು ಸೇಡು ತೀರಿಸಿಕೊಳ್ಳಲಿಲ್ಲ. ಎರಡು ದಿನ ಮಾತು ಕಡಿಮೆ ಮಾಡಿದರು, ಅಷ್ಟೇ. ಸಂಜೆಗೆ ಬೇಸಿನ್ ಖಾಲಿಯಾಯಿತು, ಬಾಗಿಲಿಗೆ ತುಂಬಿದ ಬಾಟಲಿ ನೇತಾಡಿತು. ವಾರ ಕಳೆಯುವುದರೊಳಗೆ ಬೇಸಿನ್ ಮೇಲೆ ಒಂದು ಡಬ್ಬ ಮತ್ತೆ ಬಂದು ಕೂತಿತು. ನಾನು ಮತ್ತೆ ಕೇಳಿದೆ. "ನೀ ಯಾವಾಗ ಡಿಸ್ಚಾರ್ಜ್ ಆಗ್ತೀಯವ್ವಾ?" ಎಂದು ಸಿಸ್ಟರ್ ಕೈ ಮುಗಿದು ಕೇಳಿದರು. ಆದರೂ ಡಬ್ಬ ತೆಗೆಸಿದರು. ಹೊಳಲಿನ ಯಜಮಾನರು ತಾವೂ ಕೇಳತೊಡಗಿದರು. ಅವರ ಪಾಯಿಂಟು ನನ್ನದಕ್ಕಿಂತ ಗಟ್ಟಿ: "ಸಾಹೇಬ್ರ, ಆಕಿ ಕಾಲು ಮುಟ್ಟಿ ನನ್ನ ಕಡಿ ಬರಬ್ಯಾಡ್ರಿ, ಆಕಿದು ನನಗ ಬರ್ತೈತಿ." ನನ್ನ ಕಾಲೂ ಇನ್ನೊಬ್ಬರಿಗೆ ಅಪಾಯ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಜ್ವರ ಇಳಿಯಿತು. ಕೀವು ನಿಂತಿತು, ರಕ್ತಪರೀಕ್ಷೆ ಸುಧಾರಿಸಿತು. ಒಂದು ಬೆಳಿಗ್ಗೆ ಡಾಕ್ಟರು ಒದ್ದೆ ಕೈಯೊರೆಸುತ್ತಾ ಬಂದು ಒತ್ತಿ ನೋಡಿ, "ಪ್ಲೇಟ್ ಇರ್ಲಿ ಬಿಡು. ಮೂಳೆ ಹಿಡೀತಾ ಐತೆ" ಅಂದರು. ಅವ್ವ ನೆಲದ ಮೇಲೆ ಕೂತುಬಿಟ್ಟಳು. ಮಾವ ವಾರ್ಡಿನಲ್ಲಿದ್ದ ಎಲ್ಲರಿಗೂ ಚಹಾ ತರಿಸಿದ. ಬೆಲ್ಲದ ಚಹಾ ಒಂದೇ ನಮೂನೆಯ ಕಾಗದದ ಲೋಟಗಳಲ್ಲಿ ಬಂತು.

ಕೈ ತೊಳೆದದ್ದರಿಂದಲೇ ನನ್ನ ಕಾಲು ಉಳಿಯಿತೇ? ಗೊತ್ತಿಲ್ಲ. ಉಳಿಸಿದ್ದು ಔಷಧಿ, ಎರಡನೆಯ ಆಪರೇಷನ್ನು, ಆ ಡಾಕ್ಟರ ಚುರುಕು ಕೈ. ನನ್ನ ತಕರಾರು ಉಳಿಸಿತು ಎಂದು ಹೇಳಿಕೊಂಡರೆ ಅಮಾವಾಸ್ಯೆ ಕೆಡಿಸಿತು ಎನ್ನುವ ಮಾವನಿಗೂ ನನಗೂ ವ್ಯತ್ಯಾಸ ಇರುವುದಿಲ್ಲ. ನಾನು ಹೇಳುವುದು ಇಷ್ಟೇ: ಕೇಳಿದ್ದರಿಂದ ನನ್ನ ಕಾಲು ಹೋಗಲಿಲ್ಲ. ಅವ್ವನ ಭಯಕ್ಕೆ ನನ್ನ ಹತ್ತಿರ ಇರುವ ಉತ್ತರ ಇದೊಂದೇ, ಮತ್ತು ಅದಕ್ಕೆ ಸಾಕ್ಷಿ ಇದೆ. ಅದರ ಮೇಲೆ ನಿಂತಿದ್ದೇನೆ, ನಡೆಯುತ್ತಿದ್ದೇನೆ.

ನೀವು ಈಗ ಯಾವುದಾದರೂ ವಾರ್ಡಿನಲ್ಲಿ ಮಲಗಿ ಇದನ್ನು ಓದುತ್ತಿದ್ದರೆ, ಕೇಳಿ. ಮೆಲ್ಲಗೆ ಕೇಳಿ, ನಗುತ್ತಾ ಕೇಳಿ, ಧ್ವನಿ ನಡುಗಿದರೂ ಕೇಳಿ. ಆದರೆ ಯಾರನ್ನು ಕೇಳಲು ಅತ್ಯಂತ ಹೆದರಿಕೆಯೋ ಅವರನ್ನು ಬಿಟ್ಟು ಉಳಿದವರನ್ನಷ್ಟೇ ಕೇಳಬೇಡಿ. ಅದಕ್ಕಿಂತ ಸುಮ್ಮನಿರುವುದು ವಾಸಿ.

ಮೊನ್ನೆ ದುರುಗಕ್ಕನ ಮಗಳು ಹೆರಿಗೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಅಡ್ಮಿಟ್ ಆದಳು. ಅವ್ವ ದುರುಗಕ್ಕನ ಜೊತೆ ಹೋದಳು. ನಾನು ಪರೀಕ್ಷೆ ಬರೆದು ಹೊರಗೆ ಬರುವಷ್ಟರಲ್ಲಿ ಅವ್ವನ ಫೋನು ಬಂತು. ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದಾರೆ ಅಂದಳು. ಆಮೇಲೆ ಧ್ವನಿ ತಗ್ಗಿಸಿದಳು.

"ವೇಣಿ, ಡಾಕ್ಟ್ರಮ್ಮಗ ಕೈ ತೊಳ್ಕೊಳ್ರಿ ಅಂದೆ."

"ನೀನಾ? ಏನಂದ್ರು?"

"ತೊಳ್ಕೊಂಡ್ರು. ಆಮ್ಯಾಲ ನನ್ನ ಕಡಿ ತಿರುಗಿ, ಕೂಸಿನ್ನ ಎತ್ತಾಕ ನಿಂತೀಯಲ್ಲಮ್ಮ, ನೀ ತೊಳ್ಕೊಂಡೀಯೇನು ಅಂದ್ರು."

"ತೊಳ್ಕೊಂಡಿದ್ಯಾ?"

"ಇಲ್ಲ" ಅಂದಳು ಅವ್ವ. "ದುರುಗಿ ನಗಾಕತ್ಯಾಳ. ತಡಿ, ತೊಳ್ಕೊಂಡು ಬಂದು ಮಾತಾಡ್ತೀನಿ."